ಅತ್ತೆಗೆ ಏನು ಹೇಳ್ತೀಯ?

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ‘ಅರ್ಥ ಆಯ್ತಾ?’ ಎಂದು ಕೇಳುವಂತಿಲ್ಲ. ಬೇರೆ ಮನೆಗಳಲ್ಲಿ ಬೈಗುಳಕ್ಕೆ ನಿಷೇಧವಿರುತ್ತದೆ, ನಮ್ಮಲ್ಲಿ ಈ ಎರಡು ಪದಕ್ಕೆ. ನಿಷೇಧ ಹಾಕಿದವಳು ನನ್ನ ಹೆಂಡತಿ. ಆ ಪ್ರಶ್ನೆಗೆ ಲೋಕದಲ್ಲಿರುವುದು ಒಂದೇ ಉತ್ತರ, ‘ಆಯ್ತು’. ಅರ್ಥವಾದವನೂ ಅದನ್ನೇ ಹೇಳುತ್ತಾನೆ, ಆಗದವನು ಇನ್ನೂ ಬೇಗ ಹೇಳುತ್ತಾನೆ ಎನ್ನುವುದು ಅವಳ ವಾದ. ಮೊದಮೊದಲು ನಾನು ನಗುತ್ತಿದ್ದೆ. ಆಮೇಲೆ ನನ್ನನ್ನು ನಾನೇ ಗಮನಿಸಿಕೊಂಡೆ. ಬ್ಯಾಂಕಿನಲ್ಲಿ, ಗ್ಯಾರೇಜಿನಲ್ಲಿ, ಡಾಕ್ಟರ ಮುಂದೆ, ಎಲ್ಲ ಕಡೆಯೂ ‘ಆಯ್ತು ಆಯ್ತು’ ಎಂದು ತಲೆಯಾಡಿಸಿ ಎದ್ದು ಬರುವ ಗಿರಾಕಿ ನಾನೂ ಆಗಿದ್ದೆ.

ನಾನು ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದವನು. ಅವಳು ಅದೇ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡಿನ ನರ್ಸು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಸಣ್ಣ ಆಸ್ಪತ್ರೆಗಳಿಂದ ನಾನು ತರುತ್ತಿದ್ದೆ, ಬಾಗಿಲು ತೆಗೆದು ಇಳಿಸಿಕೊಳ್ಳುತ್ತಿದ್ದವಳು ಅವಳು. ನನ್ನ ಮುಖ ನೋಡುವುದಕ್ಕೆ ಮೊದಲು ಮಗುವಿನ ಅಂಗಾಲಿಗೆ ತನ್ನ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದಳು. ಅಂಗಾಲು ತಣ್ಣಗಿದ್ದರೆ ನನಗೆ ಮಂಗಳಾರತಿ. “ಹಿಂದಿನ ಕಿಟಕಿ ಯಾಕ್ರೀ ತೆಗ್ದಿದ್ರಿ?” ಎಂಬುದು ನನ್ನ ಹೆಂಡತಿಯಾಗುವವಳು ನನ್ನೊಡನೆ ಆಡಿದ ಮೊಟ್ಟಮೊದಲ ಮಾತು. ವಾರ್ಡಿನಲ್ಲಿ ಅವಳಿಗೆ ‘ಬೆಚ್ಚಗಿನ ಸಿಸ್ಟರ್’ ಎಂದು ಹೆಸರಿತ್ತು, ಯಾರನ್ನು ಕಂಡರೂ ‘ಮಗೂನ ಬೆಚ್ಚಗಿಡಿ’ ಎನ್ನುತ್ತಿದ್ದಳೆಂದು. ಸ್ವಭಾವ ನೋಡಿ ಇಟ್ಟ ಹೆಸರಂತೂ ಅಲ್ಲ, ಅದನ್ನು ನಾನು ಬರೆದುಕೊಡಬಲ್ಲೆ.

ಆ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳ ನಡುವೆ ಅವಳ ಅರ್ಧ ಆಯುಷ್ಯ ಕಳೆಯಿತು. ಆಮೇಲೆ ಆಸ್ಪತ್ರೆಗೆ ಕಂಪ್ಯೂಟರ್ ಬಂತು. ವಾರ್ಡಿನ ನರ್ಸುಗಳು ಅದರ ಮೇಲೆ ಒಂದು ಟವೆಲ್ ಹೊದಿಸಿ ತಮ್ಮ ಪಾಡಿಗೆ ತಾವಿದ್ದರು. ಇವಳೊಬ್ಬಳು ಟವೆಲ್ ಎತ್ತಿ ನೋಡಿದಳು, ನೋಡಿ ಸಿಟ್ಟಾದಳು. ಮಗು ನೀಲಿಗಟ್ಟುತ್ತಿರುವಾಗ ಆ ಪರದೆ ತಾಯಿಯ ಮನೆ ವಿಳಾಸ ತುಂಬದೆ ಮುಂದಕ್ಕೆ ಹೋಗುತ್ತಿರಲಿಲ್ಲವಂತೆ. ಅದನ್ನು ಜೋಡಿಸಲು ಬಂದಿದ್ದವನ ಜೊತೆ ಜಗಳವಾಡಿದಳು. ಅವನು ಸಾಕಾಗಿ, ಹಾಗಾದರೆ ನೀವೇ ಬಂದು ಹೇಳಿಕೊಡಿ ಮೇಡಂ ಎಂದ. ಹೇಳಿಕೊಡಲು ಕಂಪ್ಯೂಟರ್ ವಿಭಾಗಕ್ಕೆ ಹೋದವಳು ವಾಪಸ್ ಬರಲೇ ಇಲ್ಲ.

ನನಗೆ ಅದು ಸರಿಬರಲಿಲ್ಲ. ಮಕ್ಕಳನ್ನು ಬಿಟ್ಟು ಮೌಸ್ ಹಿಡಿದಳು ಎಂದು ಕಂಡಕಂಡವರ ಮುಂದೆ ಆಡಿಕೊಂಡೆ. ನಿಜ ಹೇಳಬೇಕೆಂದರೆ ಸಂಜೆ ಮನೆಗೆ ಬಂದಾಗ ಅವಳ ಸೆರಗಿನಲ್ಲಿರುತ್ತಿದ್ದ ಹಾಲಿನ, ಸೋಪಿನ ವಾಸನೆ ಹೋಯಿತಲ್ಲ ಎಂಬ ಬೇಜಾರು. ಅವಳು ಮಾತ್ರ, ವಾರ್ಡಿನಲ್ಲಿದ್ದರೆ ಕಣ್ಣೆದುರಿನ ಮಗು ಮಾತ್ರ ಕಾಣುತ್ತದೆ, ಇಲ್ಲಿ ಕೂತರೆ ಮನೆಗೆ ಹೋದ ಮಕ್ಕಳೂ ಕಾಣುತ್ತವೆ ಎನ್ನುತ್ತಿದ್ದಳು. ಹಾಗೆ ಕಂಡದ್ದೇ ಅವಳ ನಿದ್ದೆ ಕೆಡಿಸಿತು. ಚೆನ್ನಾಗಿ ಚೇತರಿಸಿಕೊಂಡು ಮನೆಗೆ ಹೋದ ಮಕ್ಕಳು ವಾರದೊಳಗೆ ಸೊರಗಿ, ಕಾಮಾಲೆಯಿಂದ ಹಳದಿಯಾಗಿ ತಿರುಗಿ ಬರುತ್ತಿದ್ದವು. ಅಂಥ ಪ್ರತಿ ಮಗುವಿನ ಹೆಸರಿನ ಮುಂದೆಯೂ ‘ಪೋಷಕರಿಗೆ ಅರ್ಥವಾಗಿದೆ’ ಎಂಬ ಚೌಕದಲ್ಲಿ ಒಂದು ಸರಿ ಗುರುತು ಇರುತ್ತಿತ್ತು.

ಮಿಕ್ಕವರು ಇಂಥದ್ದಕ್ಕೆಲ್ಲ ತಾಯಂದಿರನ್ನು ಬೈದು ಸುಮ್ಮನಾಗುತ್ತಾರೆ. ಇವಳು ಯೂನಿವರ್ಸಿಟಿಗೆ ಸೇರಿದಳು. ನಮ್ಮ ವಯಸ್ಸಿನವರು ವಾಕಿಂಗಿಗೆ ಯಾವ ಶೂ ಒಳ್ಳೆಯದು ಎಂದು ವಿಚಾರಿಸುತ್ತಿದ್ದ ಕಾಲಕ್ಕೆ ಇವಳು ಬೆನ್ನಿಗೆ ಚೀಲ ಹಾಕಿಕೊಂಡು ಕ್ಲಾಸಿಗೆ ಹೊರಟಳು. ಆಸ್ಪತ್ರೆಯಲ್ಲಿ ಹೇಳಿದ ಮಾತು ಮನೆಗೆ ಹೋಗುವಷ್ಟರಲ್ಲಿ ಏನಾಗುತ್ತದೆ ಎಂಬುದು ಅವಳ ಸಂಶೋಧನೆ. ಅದಕ್ಕೆ ಉದ್ದದ ಒಂದು ಹೆಸರಿದೆ, ನನಗೆ ಬಾಯಿಗೆ ಬರುವುದಿಲ್ಲ.

ಆ ಸಂಶೋಧನೆಯ ಪ್ರಯೋಗಶಾಲೆ ನಮ್ಮ ಊಟದ ಮೇಜು, ಅಲ್ಲಿನ ಇಲಿ ನಾನು. ತಾಯಂದಿರಿಗೆ ಕೊಡಲು ಬರೆದ ಹಾಳೆಯನ್ನು ಮೊದಲು ನನಗೆ ಓದಿಸುತ್ತಿದ್ದಳು. ಒಂದು ಸಲ ‘ಅವಧಿಪೂರ್ವ ಶಿಶುಗಳಲ್ಲಿ ಹಸಿವಿನ ಸೂಚನೆಗಳು ಕ್ಷೀಣವಾಗಿರಬಹುದು’ ಎಂದು ಬರೆದಿದ್ದಳು. ನನಗೆ ರೇಗಿತು. ಇದನ್ನು ಓದುವುದರೊಳಗೆ ಮಗು ಶಾಲೆಗೆ ಸೇರಿರುತ್ತದೆ, ಬೇಗ ಹುಟ್ಟಿದ ಮಗುವಿಗೆ ಹಸಿವಾದರೂ ಅಳಲು ಶಕ್ತಿ ಇರುವುದಿಲ್ಲ ಅಂತ ನೇರವಾಗಿ ಬರಿ, ಎಬ್ಬಿಸಿ ಹಾಲು ಕೊಡಿ ಅಂತ ಬರಿ ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ ಹಾಗೆಯೇ ಬರೆದುಕೊಂಡಳು. ಆ ಹಾಳೆ ಅಚ್ಚಾಗಿ ಎಲ್ಲ ಆಸ್ಪತ್ರೆಗಳಿಗೂ ಹೋಯಿತು. ಅದು ನನ್ನ ವಾಕ್ಯ ಎಂದು ನಾನು ಊರೆಲ್ಲ ಜಂಭ ಕೊಚ್ಚಿಕೊಂಡು ತಿರುಗಿದೆ.

ಹಾಳೆಗಿಂತ ದೊಡ್ಡ ಹೆಸರು ತಂದದ್ದು ಅವಳ ಪ್ರಶ್ನೆ. ವಾರ್ಡಿನಿಂದ ಮಗುವನ್ನು ಕಳಿಸುವ ಮೊದಲು ‘ಅರ್ಥ ಆಯ್ತಾ’ ಎಂದು ಕೇಳುವುದನ್ನು ಬಿಡಿಸಿ ಬೇರೊಂದನ್ನು ಕೇಳಲು ಕಲಿಸಿದಳು. “ಮನೆಗೆ ಹೋಗಿ ನಿಮ್ಮತ್ತೆಗೆ ಏನು ಹೇಳ್ತೀಯ?” ಅಷ್ಟೇ. ಇದಕ್ಕೆ ಹೂಂಗುಟ್ಟಿ ಪಾರಾಗುವಂತಿಲ್ಲ. ಬಾಯಿ ಬಿಡಲೇಬೇಕು, ಬಿಟ್ಟರೆ ಒಳಗಿರುವುದು ಹೊರಗೆ ಬರುತ್ತದೆ. ಮಗುವನ್ನು ಬೆಚ್ಚಗಿಡಿ ಎಂದರೆ ತೊಟ್ಟಿಲನ್ನು ಒಲೆಯ ಪಕ್ಕ ಇಡಬೇಕೆಂದು ತಿಳಿದವಳು ಒಬ್ಬಳು ಹೀಗೆಯೇ ಸಿಕ್ಕಿಬಿದ್ದದ್ದು. ಒಬ್ಬ ಅಪ್ಪನನ್ನು ಕೇಳಿದಾಗ, ನಮ್ಮತ್ತೆ ನನಗೆ ಮಾತಾಡೋಕೆ ಬಿಟ್ರೆ ತಾನೇ ಸಿಸ್ಟರ್ ಎಂದನಂತೆ. ಪ್ರಶ್ನೆ ವಾರ್ಡಿನಲ್ಲಿ ಚೆನ್ನಾಗಿ ಬೇರುಬಿಟ್ಟಿತು, ವಾಪಸ್ ಬರುವ ಮಕ್ಕಳೂ ಕಡಿಮೆಯಾದವು.

ಇಷ್ಟು ಹೇಳಿದ್ದು ಯಾಕೆಂದರೆ, ಹೋದ ವರ್ಷದ ಹೊತ್ತಿಗೆ ನನ್ನ ಹೆಂಡತಿ ಸ್ವತಃ ಅತ್ತೆಯಾಗಿದ್ದಳು, ನಮ್ಮ ಸೊಸೆಗೆ ಅದೇ ಆಸ್ಪತ್ರೆಯಲ್ಲಿ ಮಗುವಾಯಿತು.

ಸೊಸೆ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಚುರುಕು ಹುಡುಗಿ, ಮಾತು ಕಡಿಮೆ, ಸ್ವಾಭಿಮಾನ ಜಾಸ್ತಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಪ್ಪನ ಕೈಯಲ್ಲಿ ಬೆಳೆದವಳು. ಬೇಕಾದದ್ದನ್ನು ಕೇಳಿ ಪಡೆಯುವ ಅಭ್ಯಾಸವಿಲ್ಲ, ತಾನೇ ಮಾಡಿಕೊಳ್ಳುವ ಅಭ್ಯಾಸ. ಇನ್ನೂ ಒಂದು ತಿಂಗಳ ಮೇಲೆ ಬಾಕಿ ಇರುವಾಗಲೇ ನೋವು ಬಂದು ಹೆಣ್ಣುಮಗು ಹುಟ್ಟಿತು. ಅಂಗೈ ಅಗಲದ ಮುಖ, ಬೆಂಕಿಕಡ್ಡಿಯಂಥ ಬೆರಳು. ನಾನು ಚಿಟಿಕೆ ಎಂದು ಕರೆದೆ, ಅದೇ ನಿಂತುಬಿಟ್ಟಿತು.

ಚಿಟಿಕೆ ವಾರ್ಡಿನಲ್ಲಿದ್ದಷ್ಟು ದಿನವೂ ನನ್ನ ಹೆಂಡತಿ ಬಾಗಿಲ ಆಚೆಯೇ ನಿಂತಳು. ನನಗೆ ಆಶ್ಚರ್ಯ. ತಾನು ಕೈಹಿಡಿದು ಬೆಳೆಸಿದ ವಾರ್ಡು, ಒಳಗಿರುವುದು ತನ್ನದೇ ಮೊಮ್ಮಗಳು. ಕೇಳಿದ್ದಕ್ಕೆ, ಸೊಸೆಯ ಕೈಯಿಂದ ಮಗುವನ್ನು ಕಿತ್ತುಕೊಂಡು ಎಲ್ಲ ನನಗೇ ಗೊತ್ತು ಎನ್ನುವ ಅತ್ತೆಯರನ್ನು ಜೀವಮಾನವಿಡೀ ನೋಡಿದ್ದೇನೆ, ನಾನು ಹಾಗಾಗುವುದಿಲ್ಲ ಎಂದಳು. ನಾನು ಅತ್ತೆಯಾಗಿರುತ್ತೇನೆ, ನರ್ಸಾಗುವುದಿಲ್ಲ ಎಂದು ಶಪಥ ಮಾಡಿದವಳ ಹಾಗೆ ಹೇಳಿದಳು. ಕೇಳಲು ಎಷ್ಟು ಚೆನ್ನಾಗಿತ್ತು. ನಾನೂ ಮೆಚ್ಚಿಕೊಂಡೆ.

ಮಗು ಮನೆಗೆ ಬಂದ ಸಂಜೆ ಅವಳು ಸೊಸೆಯನ್ನು ಕೇಳಿದ್ದು ಒಂದೇ ಮಾತು, ವಾರ್ಡಿನಲ್ಲಿ ಎಲ್ಲ ಹೇಳಿದ್ದಾರಾ ಎಂದು. ಹೇಳಿದ್ದಾರೆ ಅತ್ತೆ ಎಂದಳು ಸೊಸೆ. ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ, ಆ ಪ್ರಶ್ನೆ ನಮ್ಮ ಮನೆಯ ನಿಷೇಧದ ಪ್ರಶ್ನೆಗೆ ಖಾಸಾ ತಂಗಿ ಎಂದು ನನಗೂ ಹೊಳೆಯಲಿಲ್ಲ.

ಮರುದಿನ ಅವಳಿಗೆ ಬೇರೆ ಊರಿನಲ್ಲಿ ಸಮ್ಮೇಳನವಿತ್ತು. ದೊಡ್ಡ ದೊಡ್ಡವರೆಲ್ಲ ಬಂದು ಅವಳ ಪ್ರಶ್ನೆಯ ಕಥೆ ಕೇಳುವವರಿದ್ದರು. ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿದ್ದಳು. ಸೊಸೆಯೇ ಒತ್ತಾಯಿಸಿ, ಹೋಗಿ ಬನ್ನಿ ಅತ್ತೆ, ನಾನಿದ್ದೀನಲ್ಲ ಎಂದು ಕಳಿಸಿದಳು. ಬೆಳಗಿನ ಬಸ್ಸಿಗೆ ಅವಳು ಹೊರಟಳು, ಮಗ ಫ್ಯಾಕ್ಟರಿಗೆ ಹೋದ. ಮನೆಯಲ್ಲಿ ನಾನು, ಸೊಸೆ, ಚಿಟಿಕೆ.

ಆ ದಿನ ಮನೆ ಎಷ್ಟು ಶಾಂತವಾಗಿತ್ತೆಂದರೆ ನನಗೆ ಹೆಮ್ಮೆಯೇ ಹೆಮ್ಮೆ. ಮಕ್ಕಳು ಹುಟ್ಟಿದರೆ ಬೀದಿಯೆಲ್ಲ ಎದ್ದು ಕೂರುತ್ತದೆ, ನಮ್ಮ ಮಗ ಹುಟ್ಟಿದಾಗ ಪಕ್ಕದ ಮನೆಯವರು ಬಾಡಿಗೆ ಮನೆ ಬದಲಾಯಿಸಿದ್ದರು. ಚಿಟಿಕೆಯದು ತುಟಿ ಪಿಟಕ್ಕೆನ್ನದ ನಿದ್ದೆ. ಸೊಸೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಕಿಟಕಿಗೆ ಹಳದಿ ಪರದೆ ಎಳೆದು, ಪಕ್ಕದಲ್ಲೇ ಕೂತು ಅದನ್ನೇ ನೋಡುತ್ತಿದ್ದಳು. ಒಂದೆರಡು ಸಲ ಬಾಗಿಲಿಗೆ ಬಂದು, ಇಷ್ಟು ಹೊತ್ತು ಮಲಗಿದರೆ ಪರವಾಗಿಲ್ಲವಾ ಮಾವ ಎಂದು ಕೇಳಿದಳು. ಮಲಗಲಿ ಬಿಡಮ್ಮ, ಬೆಳೆಯುವ ಮಗು ಎಂದೆ. ಬಾಗಿಲು ಬಡಿಯಲು ಬಂದ ಕೊರಿಯರಿನವನನ್ನು ಸನ್ನೆಯಲ್ಲೇ ಗದರಿಸಿ ಓಡಿಸಿದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಂಡತಿಯ ಫೋನ್ ಬಂತು. ಅವಳ ಭಾಷಣ ಊಟದ ನಂತರವಂತೆ. ನಾನು ಕೇಳುವ ಮೊದಲೇ ಶುರುಮಾಡಿದೆ.

“ಎಂಥಾ ಮಗು ಗೊತ್ತಾ, ಬೆಳಗ್ಗೆಯಿಂದ ಒಂದ್ ಸಲಾನೂ ಅತ್ತಿಲ್ಲ. ಕಣ್ಣೇ ಬಿಟ್ಟಿಲ್ಲ ಪಾಪ. ನಾವೂ ಉಸಿರು ಬಿಗಿ ಹಿಡ್ಕೊಂಡು ಕೂತಿದೀವಿ.”

ಆ ಕಡೆ ತಟ್ಟೆ ಚಮಚಗಳ ಸದ್ದು ಕೇಳುತ್ತಿತ್ತು. ಅದು ದೂರವಾಯಿತು, ಅವಳು ಎದ್ದು ಹೊರಗೆ ಬಂದಿರಬೇಕು.

“ರೀ,” ಎಂದಳು ಆಮೇಲೆ, ಮೆಲ್ಲಗೆ. “ಬೇಗ ಹುಟ್ಟಿದ ಮಗುಗೆ ಹಸಿವಾದ್ರೂ ಅಳೋಕೆ ಶಕ್ತಿ ಇರಲ್ಲ. ಇದು ಯಾರ ಮಾತು?”

ಊರೆಲ್ಲ ಸಾರಿಕೊಂಡು ತಿರುಗಿದ ನನ್ನದೇ ವಾಕ್ಯ. ಅದು ಬೇರೆಯವರ ಮಕ್ಕಳಿಗೆ ಬರೆದದ್ದು ಎಂದು ನನ್ನ ತಲೆ ಯಾವಾಗ ತೀರ್ಮಾನ ಮಾಡಿಕೊಂಡಿತ್ತೋ ಗೊತ್ತಿಲ್ಲ. ನನ್ನ ಮೊಮ್ಮಗಳ ವಿಷಯಕ್ಕೆ ಬಂದಾಗ ಅಳದ ಮಗು ಒಳ್ಳೆಯ ಮಗು ಎಂಬುದಷ್ಟೇ ನನಗೆ ಗೊತ್ತಿತ್ತು.

ಫೋನನ್ನು ಸೊಸೆಯ ಪಕ್ಕ ಇಟ್ಟೆ. ನನ್ನ ಹೆಂಡತಿಯ ದನಿಯಲ್ಲಿ ಗಾಬರಿ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಬಟ್ಟೆ ಬಿಚ್ಚು, ಅಂಗಾಲು ಉಜ್ಜು, ಎದೆಗೆ ಹಾಕಿಕೊಂಡು ನೋಡು ಎಂದು ಒಂದೊಂದಾಗಿ ಹೇಳಿದಳು. ಸೊಸೆ ಒಂದೊಂದನ್ನೂ ಮಾಡಿದಳು. ಚಿಟಿಕೆ ಸ್ವಲ್ಪ ಮುಖ ಕಿವುಚಿ, ಬಾಯಿ ತೆರೆಯದೆ, ಮತ್ತೆ ಒರಗಿತು. ಒದ್ದೆ ಬಟ್ಟೆ ಯಾವಾಗ ಬದಲಾಯಿಸಿದ್ದು ಎಂದು ಕೇಳಿದಾಗ ಸೊಸೆ ಯೋಚಿಸಬೇಕಾಯಿತು. ಪರದೆ ಸರಿಸಿ ಬೆಳಕಿನಲ್ಲಿ ಮೈ ನೋಡು ಎಂದಾಗ ನಾನೇ ಪರದೆ ಎಳೆದೆ.

“ಹಳದಿ ಇದೆ ಅತ್ತೆ,” ಎಂದಳು ಸೊಸೆ. “ಬೆಳಗ್ಗೇನೂ ಇತ್ತು ಅನ್ಸುತ್ತೆ. ನಾನು ಪರದೆ ಬಣ್ಣ ಅಂದ್ಕೊಂಡೆ.”

ವಾರ್ಡಿಗೆ ನಾನು ಹೇಳುತ್ತೇನೆ, ನೀವು ಈಗಲೇ ಹೊರಡಿ ಎಂದಳು ಹೆಂಡತಿ. ಆಮೇಲೆ ನನಗೆಂದೇ ಎರಡು ಮಾತು. ಜೋರಾಗಿ ಓಡಿಸಬೇಡಿ, ಕಿಟಕಿ ತೆಗೆಯಬೇಡಿ. ಜೀವನದಲ್ಲಿ ಎಷ್ಟೋ ಮಕ್ಕಳನ್ನು ಆ ದಾರಿಯಲ್ಲಿ ಒಯ್ದವನು ನಾನು. ಸೈರನ್ ಹಾಕಿದರೆ ಲಾರಿಯವರೂ ಪಕ್ಕಕ್ಕೆ ಸರಿಯುತ್ತಿದ್ದರು. ಅಂದು ನನ್ನ ಹಳೇ ಕಾರಿಗೆ ಯಾರೂ ದಾರಿ ಬಿಡಲಿಲ್ಲ, ಪ್ರತಿ ಸಿಗ್ನಲ್ಲಿನಲ್ಲೂ ನಿಂತೆ. ಕನ್ನಡಿಯಲ್ಲಿ ಸೊಸೆಯ ತಲೆ ಮಾತ್ರ ಕಾಣುತ್ತಿತ್ತು, ಮಗುವಿನ ಮೇಲೆ ಬಗ್ಗಿದ್ದು ಏಳಲೇ ಇಲ್ಲ. ನನಗೆ ದೇವರ ಹೆಸರು ನೆನಪಾಗಲಿಲ್ಲ, ಸುಮ್ಮನೆ ಚಿಟಿಕೆ ಚಿಟಿಕೆ ಎಂದುಕೊಂಡು ಓಡಿಸಿದೆ.

ವಾರ್ಡಿನಲ್ಲಿ ಎಲ್ಲ ಸಿದ್ಧವಿತ್ತು. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಹಳದಿ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದರು. ಹೀರಲು ಶಕ್ತಿಯಿರಲಿಲ್ಲವೆಂದು ಮೂಗಿನಿಂದ ಸಣ್ಣ ನಳಿಗೆ ಹಾಕಿ ತಾಯಿಯ ಹಾಲನ್ನು ಹನಿಹನಿಯಾಗಿ ಕೊಟ್ಟರು. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಸಮಯಕ್ಕೆ ಬಂದಿದ್ದೀರಿ, ನಾಳೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು. ಏನು ಕಷ್ಟ ಎಂದು ನಾನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡಿದವನಿಗೆ ಕೇಳದೆಯೂ ಗೊತ್ತಾಗುತ್ತದೆ.

ಸೊಸೆ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಟೀ ತಂದುಕೊಟ್ಟೆ, ಅದು ಅವಳ ಕೈಯಲ್ಲೇ ಆರಿತು. ಸುಮ್ಮನಿರಲಾರದೆ ಕೇಳಿಬಿಟ್ಟೆ, ಅಲ್ಲಮ್ಮ, ಮಗುವನ್ನು ಎಬ್ಬಿಸಿ ಹಾಲು ಕೊಡಬೇಕು ಅಂತ ಇವರು ಹೇಳಿರಲಿಲ್ಲವಾ ಎಂದು. ಆಗ ಅವಳು ನಡೆದದ್ದನ್ನು ಹೇಳಿದಳು.

ಮನೆಗೆ ಕಳಿಸುವ ದಿನ ಎಷ್ಟು ಹೊತ್ತಿಗೊಮ್ಮೆ ಹಾಲು ಕೊಡಬೇಕು ಎಂದು ಸೊಸೆಯೇ ಕೇಳಿದ್ದಳಂತೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಸಿಸ್ಟರ್ ನಕ್ಕು, ನಿಮಗೆ ನಾವು ಹೇಳೋದಾ, ನಿಮ್ಮ ಮನೇಲೇ ಯೂನಿವರ್ಸಿಟಿ ಇದೆಯಲ್ಲ ಎಂದಳಂತೆ. ಎಲ್ಲ ತಾಯಂದಿರಿಗೂ ಕೊಡುವ ಹಾಳೆಯನ್ನು ಇವಳಿಗೆ ಕೊಡಲಿಲ್ಲ, ನಿಮ್ಮತ್ತೆ ಬರೆದದ್ದನ್ನು ನಿಮಗೆ ಕೊಟ್ಟರೆ ಚೆನ್ನಾಗಿರಲ್ಲ ಎಂದು. ಅತ್ತೆಗೆ ಏನು ಹೇಳ್ತೀಯ ಎಂಬ ಪ್ರಶ್ನೆಯನ್ನೂ ಕೇಳಲಿಲ್ಲ. ಹೇಗೆ ಕೇಳುವುದು? ಆ ಪ್ರಶ್ನೆ ಹುಟ್ಟಿಸಿದವಳೇ ಅತ್ತೆ. ವಾರ್ಡಿನವರು ಮನೆಯಲ್ಲಿ ಹೇಳುತ್ತಾರೆಂದು ಬಿಟ್ಟರು, ಮನೆಯಲ್ಲಿದ್ದವಳು ವಾರ್ಡಿನಲ್ಲಿ ಹೇಳಿರುತ್ತಾರೆಂದು ಬಿಟ್ಟಳು. ಊರಿನ ಎಲ್ಲ ತಾಯಂದಿರಿಗೂ ತಲುಪಿದ ಮಾತು ನಮ್ಮ ಮನೆಯವಳಿಗೆ ಮಾತ್ರ ತಲುಪಲಿಲ್ಲ.

ಅತ್ತೆಯನ್ನೇ ಕೇಳಬಹುದಿತ್ತಲ್ಲಮ್ಮ ಎಂದೆ.

“ಏನಂತ ಕೇಳ್ಲಿ ಮಾವ? ಇಷ್ಟೂ ಗೊತ್ತಿಲ್ವಾ ಅಂತ ಅವರು ಬಾಯಲ್ಲಿ ಹೇಳಲ್ಲ, ನನಗೆ ಗೊತ್ತು. ಮನಸ್ಸಲ್ಲಿ ಅಂದ್ಕೊಂಡ್ರೆ?” ಲೋಟವನ್ನು ಬೆಂಚಿನ ಮೇಲಿಟ್ಟಳು. “ಕ್ಲಾಸಲ್ಲಿ ಎಲ್ಲಾ ಮಕ್ಕಳೂ ‘ಆಯ್ತು ಮಿಸ್’ ಅಂತ ಒಟ್ಟಿಗೆ ಕೂಗ್ತಾರೆ. ಯಾರಿಗೆ ಆಗಿಲ್ಲ ಅಂತ ನಾನು ಮುಖ ನೋಡಿ ಹೇಳ್ತೀನಿ. ನನ್ನ ಮುಖ ಯಾರೂ ನೋಡ್ಲಿಲ್ಲ ಮಾವ.”

ಬೆಳಗ್ಗೆ ಎರಡು ಸಲ ಬಾಗಿಲಿಗೆ ಬಂದು ನಿಂತ ಅವಳ ಮುಖವನ್ನು ನಾನೂ ನೋಡಿರಲಿಲ್ಲ, ಪೇಪರ್ ನೋಡುತ್ತಿದ್ದೆ.

ಭಾಷಣ ಬಿಟ್ಟು ಹೆಂಡತಿ ಸಂಜೆಗೆ ಬಂದಿಳಿದಳು. ಕುತ್ತಿಗೆಯಲ್ಲಿ ಸಮ್ಮೇಳನದ ಗುರುತುಪಟ್ಟಿ ಹಾಗೇ ಇತ್ತು. ಗಾಜಿನ ಆಚೆ ನೀಲಿ ಬೆಳಕಿನಲ್ಲಿ ಮಲಗಿದ್ದ ಚಿಟಿಕೆಯನ್ನು ಬಹಳ ಹೊತ್ತು ನೋಡಿದಳು. ಆ ಚಿಕ್ಕ ಸಿಸ್ಟರ್ ಅಳುತ್ತಾ ಬಂದು ನಡೆದದ್ದನ್ನು ಹೇಳಿ ಎದುರು ನಿಂತಾಗ, ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನೀನು ನನಗೆ ಮರ್ಯಾದೆ ಕೊಡೋಕೆ ಹೋದೆ, ಹೋಗು, ಮುಖ ತೊಳೆದುಕೋ ಎಂದಳು. ಸೊಸೆಯ ಹತ್ತಿರ ಹೋಗಿ ಕೂತಳು. ಒಬ್ಬಳು ತಪ್ಪು ತನ್ನದೆಂದು, ಇನ್ನೊಬ್ಬಳು ತಪ್ಪು ತನ್ನದೆಂದು ಗೋಡೆ ನೋಡುತ್ತಾ ಕೂತರು. ಕೆಲಸ ಮುಗಿಸಿ ಓಡಿಬಂದ ನನ್ನ ಮಗ ಇಬ್ಬರ ಮುಖವನ್ನೂ ನೋಡಿ, ಯಾರನ್ನು ಮೊದಲು ಸಮಾಧಾನ ಮಾಡಬೇಕೆಂದು ತಿಳಿಯದೆ ನನ್ನ ಪಕ್ಕ ಬಂದು ನಿಂತ.

ಚಿಟಿಕೆ ದಿನದಿಂದ ದಿನಕ್ಕೆ ಸುಧಾರಿಸಿತು. ಹಳದಿ ಇಳಿಯಿತು, ಮೂಗಿನ ನಳಿಗೆ ತೆಗೆದರು. ಇವರಿಬ್ಬರ ನಡುವೆ ಮಾತ್ರ ಏನೂ ಇಳಿಯಲಿಲ್ಲ. ಅತ್ತೆ ಊಟ ತಂದರೆ ಸೊಸೆ ಥ್ಯಾಂಕ್ಸ್ ಎನ್ನುತ್ತಿದ್ದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ. ಹೆಂಡತಿ ಮನೆಗೆ ಬಂದು ತಾನು ಬರೆದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಓದದೆ ಕೂರುತ್ತಿದ್ದಳು. ನೀನು ಒಳ್ಳೆ ಮನಸ್ಸಿನಿಂದಲೇ ದೂರ ನಿಂತದ್ದು ತಾನೇ ಎಂದು ನಾನು ಸಮಾಧಾನ ಹೇಳಲು ಹೋದೆ.

“ಅತ್ತೆ ಅನ್ನೋ ಪದಾನ ನಾನೇ ಪ್ರಶ್ನೆಯೊಳಗೆ ಇಟ್ಟಿದ್ದು,” ಎಂದಳು. “ಆ ಅತ್ತೆ ಎಂಥವಳು, ಅವಳ ಹತ್ರ ಬಾಯಿ ಬಿಡೋಕೆ ಆಗುತ್ತೋ ಇಲ್ವೋ ಅಂತ ಒಂದ್ ಸಲಾನೂ ಯೋಚನೆ ಮಾಡ್ಲಿಲ್ಲ ನೋಡಿ.”

ನನಗೆ ಈಗ ಭಯವಿದ್ದದ್ದು ಮಗುವಿನ ಬಗ್ಗೆ ಅಲ್ಲ. ಮಗು ಮತ್ತೆ ಮನೆಗೆ ಬರುತ್ತದೆ. ಮನೆಯಲ್ಲಿ ಮತ್ತೆ ಅದೇ ಇಬ್ಬರು, ಒಬ್ಬಳಿಗೆ ಎಲ್ಲ ಗೊತ್ತು, ಇನ್ನೊಬ್ಬಳು ಏನೂ ಕೇಳುವುದಿಲ್ಲ. ಇನ್ನೊಂದು ಸಲ ಇನ್ನೊಂದು ಹಳದಿ ಪರದೆ ಎಳೆದುಕೊಂಡರೆ ಯಾರು ಸರಿಸುವುದು?

ಮನೆಗೆ ಕಳಿಸುವ ದಿನ ವಾರ್ಡಿನ ಹಿರಿಯ ಸಿಸ್ಟರ್ ನಮ್ಮನ್ನೆಲ್ಲ ಒಳಗೆ ಕರೆದಳು. ಗಟ್ಟಿಮುಟ್ಟಾದ ಹೆಂಗಸು, ನನ್ನ ಹೆಂಡತಿಯ ಕೈಕೆಳಗೇ ಕೆಲಸ ಕಲಿತವಳು, ಇವಳ ಸಿಟ್ಟನ್ನೂ ಕಲಿತವಳು. ಸೊಸೆಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದಳು. ನನ್ನ ಹೆಂಡತಿ ಎಂದಿನ ಹಾಗೆ ಬಾಗಿಲಲ್ಲೇ ನಿಂತಾಗ, ಮೇಡಂ ನೀವೂ ಒಳಗೆ ಬನ್ನಿ, ಇವತ್ತು ನೀವು ಮೇಡಂ ಅಲ್ಲ, ಈ ತಾಯಿಯ ಅತ್ತೆ ಎಂದು ಸ್ಟೂಲು ತೋರಿಸಿದಳು. ನನಗೂ ಮಗನಿಗೂ ಗೋಡೆಯ ಪಕ್ಕ ಜಾಗ. ಆಮೇಲೆ ಮೊದಲಿನಿಂದ ಎಲ್ಲವನ್ನೂ ಹೇಳಿದಳು, ಏನೂ ಗೊತ್ತಿಲ್ಲದವರಿಗೆ ಹೇಳುವ ಹಾಗೆ, ಒಂದನ್ನೂ ಬಿಡದೆ. ಹಾಳೆಯನ್ನೂ ಕೈಗೆ ಕೊಟ್ಟಳು. ಕೊನೆಗೆ ಕೇಳಿದಳು.

“ಈಗ ಹೇಳಮ್ಮ. ಮನೆಗೆ ಹೋಗಿ ನಿಮ್ಮತ್ತೆಗೆ ಏನು ಹೇಳ್ತೀಯ?”

ಸೊಸೆ ಮಗುವನ್ನು ಸರಿಮಾಡಿ ಹಿಡಿದುಕೊಂಡಳು. ಮಲಗಿದ್ದರೂ ಎಬ್ಬಿಸಿ ಹಾಲು ಕೊಡಬೇಕು, ಎಬ್ಬಿಸಿದರೂ ಏಳದಿದ್ದರೆ ಇಲ್ಲಿಗೆ ಬರಬೇಕು, ದಿನಾ ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಮೈಬಣ್ಣ ನೋಡಬೇಕು, ಒದ್ದೆ ಬಟ್ಟೆ ಕಡಿಮೆಯಾದರೆ ಸುಮ್ಮನಿರಬಾರದು ಎಂದು ಲೆಕ್ಕ ಬಿಡಿಸುವವಳ ಹಾಗೆ ಹೇಳುತ್ತಾ ಹೋದಳು. ಎಲ್ಲ ಸರಿಯಿತ್ತು. ಸಿಸ್ಟರ್ ಏಳಲು ಹೊರಟಳು.

“ಇನ್ನೊಂದಿದೆ ಸಿಸ್ಟರ್,” ಎಂದಳು ಸೊಸೆ. ಅವಳು ನೋಡುತ್ತಿದ್ದದ್ದು ಮಗುವನ್ನು. “ನನಗೆ ಗೊತ್ತಿಲ್ಲ ಅಂತ ಹೇಳ್ತೀನಿ. ಎಲ್ಲಕ್ಕಿಂತ ಮೊದ್ಲು ಅದನ್ನೇ ಹೇಳ್ತೀನಿ. ದಿನಕ್ಕೆ ಹತ್ತು ಸಲ ಬೇಕಾದ್ರೂ ಹೇಳ್ತೀನಿ. ಹೇಳಿದಾಗ ಅವರು ದೂರ ನಿಂತ್ಕೋಬಾರ್ದು.”

ನನ್ನ ಹೆಂಡತಿ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು. ಅವಳು ಏನಾದರೂ ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಹಿರಿಯ ಸಿಸ್ಟರ್ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದಳು.

“ಅಮ್ಮ, ಈಗ ನೀವು ಹೇಳಿ. ನಿಮ್ಮ ಸೊಸೆ ಏನು ಹೇಳಿದ್ರು?”

ಇಡೀ ಊರಿಗೆ ಹೀಗೆ ಕೇಳಲು ಕಲಿಸಿದವಳನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವಳು, ಬೇಗ ಹುಟ್ಟಿದ ಮಗುವನ್ನು ಎಬ್ಬಿಸಿ ಹಾಲು ಕೊಡಬೇಕು ಅಂದಳು ಎಂದು ಶುರುಮಾಡಿದಳು.

“ಅದಲ್ಲ,” ಎಂದಳು ಸಿಸ್ಟರ್. “ಕೊನೇಲಿ ಹೇಳಿದ್ದು.”

ನನ್ನ ಹೆಂಡತಿ ಎದ್ದಳು. ಸೊಸೆಯ ಹತ್ತಿರ ಹೋಗಿ, ರೂಢಿ ಬಲದಿಂದ ಕೈಯ ಹಿಂಬದಿಯನ್ನು ಚಿಟಿಕೆಯ ಅಂಗಾಲಿಗೆ ತಾಗಿಸಿದಳು. ಅಲ್ಲಿಂದ ಕೈ ಸೊಸೆಯ ಕೈಯ ಮೇಲೆ ಹೋಯಿತು, ಅಲ್ಲೇ ಉಳಿಯಿತು.

“ಗೊತ್ತಿಲ್ಲ ಅಂತ ಹೇಳೋಕೆ ನನ್ನ ಹತ್ರ ಬರ್ತಾಳಂತೆ,” ಎಂದಳು. “ನಾನು ದೂರ ನಿಂತ್ಕೋಬಾರ್ದಂತೆ.”

ಸೊಸೆ ಅಂದು ಮೊದಲ ಸಲ ಅತ್ತಳು. ಮುಂದೆ ಹೆಜ್ಜೆ ಇಟ್ಟ ಮಗನನ್ನು ನಾನು ಅಂಗಿ ಹಿಡಿದು ನಿಲ್ಲಿಸಿದೆ. ಈ ಗಲಾಟೆಗೆ ಎಚ್ಚರವಾದ ಚಿಟಿಕೆ ಮುಖ ಕೆಂಪಗೆ ಮಾಡಿ, ಬಾಯಿ ಅಗಲಿಸಿ, ವಾರ್ಡಿನ ಆ ತುದಿಗೂ ಕೇಳುವ ಹಾಗೆ ಕಿರುಚಿತು.

ಹಿರಿಯ ಸಿಸ್ಟರ್ ಕಂಪ್ಯೂಟರಿನ ಕಡೆ ತಿರುಗಿ ತನ್ನ ಕೆಲಸ ಮುಗಿಸಿ, ಇನ್ನು ಕರೆದುಕೊಂಡು ಹೋಗಬಹುದು ಎಂದಳು. ನಾನು ಕಾರು ತರಲು ಕೆಳಗೆ ಇಳಿದೆ. ಅವರು ಬರುವುದರೊಳಗೆ ನಾಲ್ಕೂ ಕಿಟಕಿಗಳ ಗಾಜು ಏರಿಸಿಟ್ಟೆ.